ಒಂದು ಗೇಣಿನ ಅಂತರ

ಆಟಿ ತಿಂಗಳ ಮಳೆ ಎಡೆಬಿಡದೆ ಸುರಿಯುತ್ತಿದ್ದ ಒಂದು ಭಾನುವಾರ ಬೆಳಿಗ್ಗೆ, ಹಲಸಿನ ಮರದಲ್ಲಿ ಕೆತ್ತಿದ ಚೂರಿಯೊಂದರ ತುದಿ ನನ್ನ ಪಕ್ಕೆಲುಬಿನ ಕೆಳಗೆ ಬಂದು ಕುಟ್ಟಿತು. ಕುಟ್ಟಿದವಳು ಪ್ಲಸ್ ಟು ಓದುತ್ತಿರುವ ಹುಡುಗಿ. ಎರಡು ವರ್ಷ ಕೇರಳದ ಸಮರಕಲೆಯಾದ ಕಳರಿಯಲ್ಲಿ ಪಳಗಿದ್ದ ಅವಳು ನಮ್ಮ ಜೂಡೊ ತರಗತಿಗೆ ಸೇರಿ ಆಗ ಒಂದು ತಿಂಗಳೂ ತುಂಬಿರಲಿಲ್ಲ. ನನ್ನ ಎಂದಿನ ಜೊತೆಗಾತಿ ಮನೆಯ ಕಾರ್ಯಕ್ರಮವಿದ್ದುದರಿಂದ ಬಂದಿರಲಿಲ್ಲ. ಹಾಗಾಗಿ ಮಾಸ್ಟರ್ ಈ ಹುಡುಗಿಯ ಕೈಗೆ ಚೂರಿ ಕೊಟ್ಟು, "ಟೀಚರ್ ಹೊಟ್ಟೆಗೆ ನೇರವಾಗಿ ತಿವಿ, ಅಷ್ಟೇ" ಎಂದಿದ್ದರು. ಅವಳು ಅಷ್ಟನ್ನೇ ಮಾಡಿದಳು. ಎರಡು ವರ್ಷಗಳಿಂದ ನೂರಾರು ಸಲ ಮಾಡಿ, ನೋಡಿದವರಿಂದ 'ಚೆಂದ ಬಂತು' ಎನ್ನಿಸಿಕೊಂಡಿದ್ದ ಅದೇ ಪಟ್ಟಿನಲ್ಲಿ ನಾನು ಅರ್ಧ ಹೆಜ್ಜೆ ತಡವಾಗಿದ್ದೆ. ಹುಡುಗಿ ಗಾಬರಿಯಾಗಿ ಚೂರಿಯನ್ನು ಕೆಳಗೆ ಹಾಕಿ, ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು "ಸಾರಿ ಟೀಚರ್" ಎಂದಳು. ಮಾಸ್ಟರ್ ಮಾತ್ರ ನನ್ನನ್ನೂ ನೋಡಲಿಲ್ಲ, ಅವಳನ್ನೂ ನೋಡಲಿಲ್ಲ. ಅವರ ಕಣ್ಣು ನಮ್ಮಿಬ್ಬರ ಪಾದಗಳ ನಡುವಿನ ಜಾಗದ ಮೇಲಿತ್ತು.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಶಾಲೆಯಲ್ಲಿ ಕನ್ನಡ ಕಲಿಸುವವಳು. ಕಾಲೇಜಿನ ದಿನಗಳಲ್ಲಿ ಮೂರು ವರ್ಷ ಜೂಡೊ ಆಡಿ, ಮದುವೆ, ಮಕ್ಕಳು, ವರ್ಗಾವಣೆಗಳ ನಡುವೆ ಅದನ್ನು ಪೂರ್ತಿ ಮರೆತು, ನಲವತ್ತೊಂದನೆಯ ವಯಸ್ಸಿನಲ್ಲಿ ಮತ್ತೆ ಬಿಳಿಯ ಜೂಡೊಗಿ ತೊಟ್ಟೆ. ಆ ವಯಸ್ಸಿನಲ್ಲಿ ಹದಿನೆಂಟರ ಹುಡುಗಿಯರ ಜೊತೆ ರಾಂದೊರಿಗೆ, ಅಂದರೆ ಬಿಡುಕುಸ್ತಿಗೆ, ಇಳಿದರೆ ಮರುದಿನ ತರಗತಿಯಲ್ಲಿ ಕರಿಹಲಗೆಯ ಮೇಲ್ತುದಿಗೆ ಕೈ ಎತ್ತಲಾಗುವುದಿಲ್ಲ. ಆದ್ದರಿಂದ ಮಾಸ್ಟರ್ ನನ್ನನ್ನು ಕಟಾಗಳ, ಅಂದರೆ ಇಬ್ಬರು ಮೊದಲೇ ಗೊತ್ತುಮಾಡಿದ ಕ್ರಮದಲ್ಲಿ ಮಾಡುವ ಪಟ್ಟುಗಳ, ಕಡೆಗೆ, ಅವುಗಳಲ್ಲಿಯೂ ಆತ್ಮರಕ್ಷಣೆಗೆಂದೇ ರೂಪಿಸಿದ ಗೋಶಿನ್ ಜುತ್ಸು ಎಂಬ ಕಟಾದ ಕಡೆಗೆ ತಿರುಗಿಸಿದರು. ನಾವು ಅಭ್ಯಾಸ ಮಾಡುವುದು ಹಿಂದೆ ಅಡಿಕೆ ದಾಸ್ತಾನಿಡುತ್ತಿದ್ದ ಒಂದು ಕಟ್ಟಡದಲ್ಲಿ. ಅಲ್ಲಿ ಒಂದಕ್ಕೊಂದು ಹಲ್ಲು ಕಚ್ಚುವ ಫೋಮ್ ಮ್ಯಾಟುಗಳನ್ನು ಹಾಸಿದ್ದೇವೆ. ಮಳೆಗಾಲದಲ್ಲಿ ಅವುಗಳ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ. ಕಳರಿಯವರಿಗೆ ಕರ್ಕಾಟಕ ಮಾಸದ ತೇವವೆಂದರೆ ಎಣ್ಣೆ ಹಚ್ಚಿ ಮೈ ಹದಗೊಳಿಸುವ ಕಾಲ. ನಮಗಾದರೋ ಅದು ದಪ್ಪ ಹತ್ತಿಯ ಜೂಡೊಗಿ ನಾಲ್ಕು ದಿನವಾದರೂ ಒಣಗದ ಕಾಲ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ ನನ್ನ ಅಂಗಿಯಿಂದ ವರ್ಷಕ್ಕೆ ಮೂರು ತಿಂಗಳು ತೆಂಗಿನ ಮಡಲಿನ ಹೊಗೆಯ ವಾಸನೆ ಬರುತ್ತದೆ. ನನ್ನನ್ನು ಹಿಂದಿನಿಂದ ತಬ್ಬಿ ಹಿಡಿಯಬೇಕಾದ ಪಟ್ಟಿನಲ್ಲಿ ಜೊತೆಗಾತಿ ಮೂಗು ತಿರುಗಿಸುವುದನ್ನು ನಾನು ಬೆನ್ನಿನಲ್ಲಿಯೇ ತಿಳಿಯಬಲ್ಲೆ.

ಜೂಡೊವನ್ನು ಹುಟ್ಟುಹಾಕಿದ ಕಾನೊ ಜಿಗೊರೊ ಅವರು 1882ರಲ್ಲಿ ಟೋಕಿಯೊದ ಒಂದು ದೇವಾಲಯದಲ್ಲಿ ಕೊಡೊಕಾನ್ ಎಂಬ ಜೂಡೊ ಶಾಲೆಯನ್ನು ಆರಂಭಿಸಿದ ಕೆಲವೇ ವರ್ಷಗಳಲ್ಲಿ ಕಿಮೆ ನೊ ಕಟಾ ಎಂಬ ಆತ್ಮರಕ್ಷಣೆಯ ಕ್ರಮವೊಂದು ರೂಪುಗೊಂಡಿತ್ತು. ಅದರ ಇಪ್ಪತ್ತು ಪಟ್ಟುಗಳಲ್ಲಿ ಎಂಟನ್ನು ಮಂಡಿಯೂರಿ ಕುಳಿತೇ ಮಾಡಬೇಕು, ಕೆಲವು ಪಟ್ಟುಗಳಲ್ಲಿ ಎದುರಾಳಿಯ ಕೈಯಲ್ಲಿ ಕಠಾರಿ ಅಥವಾ ಖಡ್ಗ ಇರುತ್ತದೆ. ಅದು ಚಾಪೆಯ ಮೇಲೆ ಕುಳಿತು ಮಾತಾಡುತ್ತಿದ್ದ, ಸೊಂಟದಲ್ಲಿ ಖಡ್ಗವಿದ್ದ ಕಾಲದ ನೆನಪು. ಕಾನೊ 1938ರಲ್ಲಿ ತೀರಿಕೊಂಡ ಮೇಲೆ, ಯುದ್ಧ ಮುಗಿದು ಜಪಾನಿನ ಬೀದಿಗಳೇ ಬದಲಾದ ಮೇಲೆ, ಪ್ಯಾಂಟು ತೊಟ್ಟು ನಿಂತು ನಡೆಯುವ ಮನುಷ್ಯನಿಗೆ ಒಪ್ಪುವ ಕ್ರಮವೊಂದು ಬೇಕೆಂದು ಕೊಡೊಕಾನಿನ ಹಿರಿಯರು ಸೇರಿ 1956ರಲ್ಲಿ ಗೋಶಿನ್ ಜುತ್ಸುವನ್ನು ಸಿದ್ಧಪಡಿಸಿದರು. ಅವರಲ್ಲಿ ಪ್ರಮುಖರಾದ ಟೊಮಿಕಿ ಕೆಂಜಿ ಅವರು ಕಾನೊ ಅವರ ಶಿಷ್ಯರಾಗಿದ್ದುಕೊಂಡೇ ಐಕಿಡೊ ಎಂಬ ಇನ್ನೊಂದು ಸಮರಕಲೆಯ ಸ್ಥಾಪಕರಾದ ಉಯೆಶಿಬಾ ಮೊರಿಹೆಯಿ ಅವರ ಬಳಿಯೂ ಕಲಿತವರು. ಈ ಕಟಾದಲ್ಲಿ ಎತ್ತಿ ಒಗೆಯುವುದಕ್ಕಿಂತ ಮಣಿಕಟ್ಟು ತಿರುಚುವುದೂ ಮೊಣಕೈ ಒತ್ತುವುದೂ ಹೆಚ್ಚಾಗಿರುವುದಕ್ಕೆ ಅದೇ ಕಾರಣ. 1956 ಎಂದರೆ ಕಾಸರಗೋಡಿನ ನಮಗೆ ಬೇರೆಯೇ ಒಂದು ನೆನಪು. ಆ ವರ್ಷದ ನವೆಂಬರ್ 1ರಂದು ನಾವು ಕೇರಳದವರಾದೆವು. ನಮ್ಮ ಮನೆಯ ಹಿರಿಯರು ಆ ಇಸವಿಯನ್ನು ಉಚ್ಚರಿಸುವ ಧಾಟಿಯೇ ಬೇರೆ ಇತ್ತಾದ್ದರಿಂದ, ಮಾಸ್ಟರ್ ಮೊದಲ ದಿನ ಅದನ್ನು ಹೇಳಿದಾಗ ನನಗೆ ಪುನಃ ಕೇಳಿ ಖಚಿತಪಡಿಸಿಕೊಳ್ಳುವ ಅಗತ್ಯ ಬೀಳಲಿಲ್ಲ.

ಒಟ್ಟು ಇಪ್ಪತ್ತೊಂದು ಪಟ್ಟುಗಳು. ಹಿಡಿದುಕೊಂಡವರಿಂದ ಬಿಡಿಸಿಕೊಳ್ಳುವುದು ಏಳು, ದೂರದಿಂದ ಬರುವ ಏಟು ಮತ್ತು ಒದೆತಗಳಿಗೆ ಐದು, ಉಳಿದ ಒಂಬತ್ತರಲ್ಲಿ ಚೂರಿ, ಕೋಲು, ಪಿಸ್ತೂಲುಗಳಿಗೆ ಮೂರು ಮೂರು. ಪಟ್ಟು ಮಾಡುವವರನ್ನು ತೋರಿ ಎಂದೂ ಆಕ್ರಮಣ ಮಾಡಿ ಕೊನೆಗೆ ಸೋಲುವವರನ್ನು ಉಕೆ ಎಂದೂ ಕರೆಯುತ್ತಾರೆ. ಮೊದಲನೆಯ ಪಟ್ಟಿನಲ್ಲಿ ಉಕೆ ಎದುರಿನಿಂದ ಬಂದು ತೋರಿಯ ಎರಡೂ ಮಣಿಕಟ್ಟುಗಳನ್ನು ಹಿಡಿದು, ಬಲ ಮೊಣಕಾಲನ್ನು ತೊಡೆಸಂದಿಗೆ ಎತ್ತುತ್ತಾರೆ. ತೋರಿಯು ಎಡಗಾಲನ್ನು ಹಿಂದಿಟ್ಟು, ಬಲ ಮೊಣಕೈ ಮಡಚಿ, ಹಿಡಿತದಲ್ಲಿ ಅತ್ಯಂತ ದುರ್ಬಲವಾದ ಹೆಬ್ಬೆರಳಿನ ಸಂದಿನಿಂದ ಕೈಯನ್ನು ಬಿಡಿಸಿಕೊಂಡು, ಅದೇ ಕೈಯ ಅಂಚಿನಿಂದ ಉಕೆಯ ಕಣತಲೆಗೆ ಬೀಸಿ, ಮರುಕ್ಷಣ ಆ ಕೈಯನ್ನು ಇಳಿಸಿ ಉಕೆಯ ಬಲ ಮಣಿಕಟ್ಟನ್ನು ಹಿಡಿದು ತಿರುಚಬೇಕು. ಬರೆಯಲು ಇಷ್ಟು ಉದ್ದವಾದದ್ದು ಮಾಡಲು ಎರಡು ಉಸಿರು. ಮಣಿಕಟ್ಟು ಸರಿಯಾದ ಕೋನಕ್ಕೆ ಬಂದಾಗ ಉಕೆಯ ಹಿಮ್ಮಡಿ ತಾನಾಗಿ ಮ್ಯಾಟಿನಿಂದ ಮೇಲೇಳುತ್ತದೆ ಮತ್ತು ಅವರು ತೊಡೆ ತಟ್ಟಿ ಸಾಕು ಎಂದು ಸೂಚಿಸುತ್ತಾರೆ. ಕೋನ ಒಂದಿಷ್ಟು ತಪ್ಪಿದರೆ ಏನೂ ಆಗುವುದಿಲ್ಲ. ಇಬ್ಬರೂ ಕೈ ಹಿಡಿದುಕೊಂಡು ಸುಮ್ಮನೆ ನಿಂತಿರುತ್ತೇವೆ.

ಈ ಮೊದಲನೆಯ ಪಟ್ಟು ನನಗೆ ಮೂರು ವಾರಗಳಲ್ಲಿ ಬಂದಿತೆಂದು ನಾನು ಹೆಮ್ಮೆಪಟ್ಟಿದ್ದೆ. ಚೂರಿಯ ಏಟು ಬಿದ್ದ ದಿನ ಮನೆಗೆ ಹೋಗಿ ಯೋಚಿಸಿದಾಗ, ಅದು ಬಂದಿತೋ ಅಥವಾ ಜೊತೆಗಾತಿಯೇ ಅದನ್ನು ನನಗೆ ಕೊಟ್ಟಳೋ ಎಂಬ ಸಂಶಯ ಹುಟ್ಟಿತು.

ಕಾನೊ ಅವರು ಕಟಾವನ್ನು ವ್ಯಾಕರಣಕ್ಕೂ ರಾಂದೊರಿಯನ್ನು ಪ್ರಬಂಧ ಬರೆಯುವುದಕ್ಕೂ ಹೋಲಿಸುತ್ತಿದ್ದರು. ವ್ಯಾಕರಣ ಕಲಿಸಿಯೇ ಸಂಬಳ ಪಡೆಯುವ ನನಗೆ ಈ ಹೋಲಿಕೆ ಮೊದಲು ಬಹಳ ಇಷ್ಟವಾಗಿತ್ತು. ಆದರೆ ಸಂಧಿ ಬಿಡಿಸುವಾಗ ಪದವು ನನಗೆ ಸುಳ್ಳು ಹೇಳುವುದಿಲ್ಲ. ಕಟಾದಲ್ಲಿ ನನ್ನ ಎದುರಿಗಿರುವುದು ಜೀವಂತ ಮನುಷ್ಯ, ಅದೂ ಮುಂದೇನಾಗುತ್ತದೆಂದು ಪೂರ್ತಿ ತಿಳಿದಿರುವ ಮನುಷ್ಯ. ಆದ್ದರಿಂದ ನನಗೆ ಈಗ ಹೆಚ್ಚು ಸಮೀಪವೆನ್ನಿಸುವುದು ನಮ್ಮ ಊರಿನದೇ ಒಂದು ಹೋಲಿಕೆ. ನನ್ನ ಅಪ್ಪ ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲಿಯೇ ನಡೆಸುವ ಯಕ್ಷಗಾನದಲ್ಲಿ, ಪಾತ್ರದ ಮಾತು ಹೇಳುವ ಹವ್ಯಾಸಿ ಅರ್ಥಧಾರಿಯಾಗಿದ್ದರು. ಮಳೆಗಾಲದ ರಾತ್ರಿಗಳಲ್ಲಿ ಎಲ್ಲಿಯಾದರೂ ತಾಳಮದ್ದಳೆ ಮುಗಿಸಿ ಬೆಳಗಿನ ಜಾವ ಬಂದವರು ಚಾ ಕುಡಿಯುತ್ತಾ ತಮ್ಮ ಅರ್ಥದ ಬಗ್ಗೆ ಏನೂ ಹೇಳುತ್ತಿರಲಿಲ್ಲ. "ಇವತ್ತು ಇದಿರು ಇರಲಿಲ್ಲ" ಎಂದೋ "ಇದಿರು ಗಟ್ಟಿಯಿತ್ತು" ಎಂದೋ ಹೇಳಿ ಮಲಗುತ್ತಿದ್ದರು. ದುರ್ಯೋಧನನ ಅರ್ಥ ಹೇಳುವವನಿಗೆ ಬೆಳಗಾಗುವುದರೊಳಗೆ ತನ್ನ ತೊಡೆ ಮುರಿಯುತ್ತದೆಂಬುದು ಗೊತ್ತಿರುತ್ತದೆ. ಗೊತ್ತಿದ್ದೂ ಗೆಲುವು ತನ್ನದೇ ಎಂಬಂತೆ ವಾದಿಸಿದರೆ ಮಾತ್ರ ಭೀಮನ ಮಾತಿಗೆ ಜಾಗವಿದೆ. ಎದುರಿನವನು ಮರ್ಯಾದೆಗೆಂದು ಸಡಿಲ ಬಿಟ್ಟರೆ ಗೆದ್ದವನ ಅರ್ಥವೂ ಕೆಡುತ್ತದೆ. ಉಕೆ ಎಂದರೆ ಇದಿರು ವೇಷ. ಇದನ್ನು ನಾನು ಮಾಸ್ಟರರಿಗೆ ವಿವರಿಸಿದಾಗ ಮಲಯಾಳಿಯಾದ ಅವರಿಗೆ ದುರ್ಯೋಧನ ತಟ್ಟನೆ ಅರ್ಥವಾದನು, ತಾಳಮದ್ದಳೆ ಅರ್ಥವಾಗಲು ಅರ್ಧ ಗಂಟೆ ಹಿಡಿಯಿತು.

ಮುಂದಿನ ಭಾನುವಾರ ಜೊತೆಗಾತಿ ಬಂದಾಗ ನಾನು ನಡೆದದ್ದನ್ನು ಹೇಳಿ, ಒಂದು ಪರೀಕ್ಷೆಗೆ ಒಪ್ಪಿಸಿದೆ. ಅವಳು ಎಂದಿನಂತೆ ತಿವಿಯಬೇಕು, ನಾನು ಅಲುಗಾಡದೆ ನಿಲ್ಲಬೇಕು, ಅಷ್ಟೇ. ಚೋಕು ತ್ಸುಕಿ ಎಂಬ ಆ ಪಟ್ಟಿನಲ್ಲಿ ಉಕೆ ಹೆಜ್ಜೆಯಿಟ್ಟು ಬಂದು ಹೊಟ್ಟೆಗೆ ನೇರವಾಗಿ ಚೂರಿಯನ್ನು ನೂಕಬೇಕು. ತೋರಿ ಆ ಗೆರೆಯಿಂದ ಮೈಯನ್ನು ತಿರುಗಿಸಿ, ತೋಳನ್ನು ಹಿಡಿದು, ಗದ್ದಕ್ಕೆ ಮುಷ್ಟಿಯೇರಿಸಿ, ಆ ಕೈಯನ್ನು ಕಂಕುಳಡಿಗೆ ಸಿಕ್ಕಿಸಿ ಒತ್ತಬೇಕು. ಅವಳು ಬಂದಳು, ಹೆಜ್ಜೆಯಿಟ್ಟಳು, ತಿವಿದಳು. ನಾನು ನಿಂತೇ ಇದ್ದೆ. ಚೂರಿಯ ತುದಿ ನನ್ನ ಅಂಗಿಯಿಂದ ಒಂದು ಗೇಣು ದೂರದಲ್ಲಿ ನಿಂತಿತು. ಅವಳ ತೋಳು ಪೂರ್ತಿ ಚಾಚಿತ್ತು, ಮುಖದಲ್ಲಿ ಸಿಟ್ಟೂ ಇತ್ತು, ಬಾಯಿಂದ ಕೂಗೂ ಹೊರಟಿತ್ತು. ಒಂದು ಗೇಣು ಮಾತ್ರ ಇರಲಿಲ್ಲ. ಅವಳೇ ಬಗ್ಗಿ ತನ್ನ ಬೆರಳುಗಳನ್ನು ಚಾಚಿ ಅಳೆದಳು. ನಾವಿಬ್ಬರೂ ನಗಬೇಕೋ ಬೇಡವೋ ತಿಳಿಯದೆ ನಿಂತೆವು.

ನಂತರ ಪಾತ್ರಗಳನ್ನು ಬದಲಾಯಿಸಿದೆವು. ಅವಳನ್ನು ತಿದ್ದುವ ಹುಮ್ಮಸ್ಸಿನಲ್ಲಿ ಚೂರಿ ಹಿಡಿದ ನಾನು ಒಂದು ಗೇಣಿನ ಮೇಲೆ ನಾಲ್ಕು ಬೆರಳು ದೂರದಲ್ಲಿ ನಿಂತಿದ್ದೆ.

ಇದು ದಯೆಯಿಂದ ಆಗುವ ತಪ್ಪು ಎಂಬುದೇ ಇದರ ತೊಡಕು. ಎರಡು ವರ್ಷ ಒಟ್ಟಿಗೆ ಬೆವರಿದ ಗೆಳತಿಯ ಹೊಟ್ಟೆಗೆ, ಮರದ್ದೇ ಆದರೂ, ಚೂರಿ ನೂಕಲು ಕೈ ಒಪ್ಪುವುದಿಲ್ಲ. ಆದರೆ ಒಂದು ಗೇಣು ಹಿಂದೆ ನಿಲ್ಲುವ ಚೂರಿಯಿಂದ ತಪ್ಪಿಸಿಕೊಳ್ಳಲು ಕಲಿತ ಮೈ, ತಪ್ಪಿಸಿಕೊಳ್ಳುವುದಕ್ಕೆ ಬೇಕಾದ ಹೊತ್ತನ್ನು ತಪ್ಪಾಗಿ ಲೆಕ್ಕ ಹಾಕಲು ಕಲಿತಿರುತ್ತದೆ. ಜಪಾನಿಯರು ಇಬ್ಬರ ನಡುವಿನ ಅಂತರಕ್ಕೆ ಮಾ-ಅಯಿ ಎನ್ನುತ್ತಾರೆ. ಆ ಮಾತಿನಲ್ಲಿ ಜಾಗವೂ ಇದೆ, ಸಮಯವೂ ಇದೆ. ಹುಡುಗಿಯ ಚೂರಿ ಬಂದ ದಿನ ನನ್ನ ಹೆಜ್ಜೆ, ತಿರುವು, ಕೈ ಎಲ್ಲವೂ ಕ್ರಮಬದ್ಧವಾಗಿಯೇ ಹೊರಟಿದ್ದವು, ಎರಡು ವರ್ಷ ಅಭ್ಯಾಸ ಮಾಡಿದ ಹೊತ್ತಿಗೆ ಸರಿಯಾಗಿ. ಆ ಹೊತ್ತೇ ಸುಳ್ಳಾಗಿತ್ತು.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಸುಳ್ಳೂ ಇದೆ, ಅದನ್ನು ನಾವು ಪರೀಕ್ಷೆಯ ಮರುವಾರವೇ ಕಂಡುಹಿಡಿದೆವು. ಇನ್ನು ಮುಂದೆ ಸಡಿಲ ಬಿಡಬಾರದೆಂದು ನಿಶ್ಚಯಿಸಿದ ಜೊತೆಗಾತಿ ಮೊದಲನೆಯ ಪಟ್ಟಿನಲ್ಲಿ ನನ್ನ ಮಣಿಕಟ್ಟುಗಳನ್ನು ಇಕ್ಕಳದಂತೆ ಹಿಡಿದು, ಕಣತಲೆಗೆ ಏಟು ಬರುವುದೆಂದು ಮೊದಲೇ ತಿಳಿದಿದ್ದರಿಂದ ತಲೆಯನ್ನು ಹಿಂದಕ್ಕೆ ವಾಲಿಸಿ, ಮೊಣಕೈಗಳನ್ನು ಬಿಗಿದು ಕಂಬದಂತೆ ನಿಂತಳು. ನನಗೆ ಏನೂ ಮಾಡಲಾಗಲಿಲ್ಲ. ಆದರೆ ಹಾಗೆ ಹಿಂದೆ ವಾಲಿದವಳು ಮೊಣಕಾಲು ಎತ್ತಿ ಗುದ್ದಲಾರಳು. ಅಂದರೆ ಅವಳು ಆಕ್ರಮಣವನ್ನೇ ಕೈಬಿಟ್ಟು ನನ್ನ ಪಟ್ಟನ್ನು ಕೆಡಿಸುವ ಕೆಲಸಕ್ಕೆ ಇಳಿದಿದ್ದಳು. ತಾಳಮದ್ದಳೆಯಲ್ಲಿಯೂ ಇಂಥವರುಂಟು: ಕತೆಯನ್ನು ಮುಂದೆ ಹೋಗಲು ಬಿಡದೆ ಒಂದು ಶಬ್ದಕ್ಕೆ ಜೋತುಬಿದ್ದು ರಾತ್ರಿ ಕಳೆಯುವವರು. ಕೋಲಿನ ಮೊದಲನೆಯ ಪಟ್ಟಿನಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಉಕೆ ಹೊಡೆಯಲೆಂದು ಕೋಲನ್ನು ತಲೆಯ ಮೇಲಕ್ಕೆ ಎತ್ತುತ್ತಿರುವಾಗಲೇ ತೋರಿ ಒಳನುಗ್ಗಿ, ಎತ್ತಿದ ಕೈಯನ್ನು ತಡೆದು, ಗದ್ದವನ್ನು ಹಿಂದಕ್ಕೆ ನೂಕಿ, ಕಾಲನ್ನು ಹೊರಗಿನಿಂದ ಕಡಿದು ಕೆಡವಬೇಕು. ಉಕೆ ಕೋಲನ್ನು ಎತ್ತಿ, ನಾನು ಬರುವ ತನಕ ವಿಷು ಹಬ್ಬದ ಕಾಣಿಕೆ ಹಣವಾದ ಕೈನೀಟ ಕೊಡಲು ಕಾದವರ ಹಾಗೆ ಹಿಡಿದುಕೊಂಡಿದ್ದರೆ ಅದು ದಯೆಯ ಸುಳ್ಳು. ನಾನು ನುಗ್ಗುವೆನೆಂದು ಗೊತ್ತಿರುವುದರಿಂದ ಕೋಲನ್ನು ಎತ್ತದೆ ಮುಂದಕ್ಕೇ ಚುಚ್ಚಿದರೆ ಅದು ಜಾಣತನದ ಸುಳ್ಳು. ಹೊಡೆಯುವ ಮನಸ್ಸಿನಿಂದಲೇ ಎತ್ತಿ, ಹೊಡೆಯುವ ಮೊದಲೇ ಬೀಳುವುದು ಎಷ್ಟು ಕಷ್ಟವೆಂಬುದು ನಮ್ಮ ನಾಗರಬೆತ್ತದ ಕೋಲಿಗೆ ಗೊತ್ತು.

ಮಾಸ್ಟರ್ ಹೇಳಿದ ಪರಿಹಾರ ಸರಳವಾಗಿತ್ತು. ವೇಗವನ್ನು ಎಷ್ಟು ಬೇಕಾದರೂ ಇಳಿಸಿ, ದೂರವನ್ನು ಮಾತ್ರ ಒಂದು ಅಂಗುಲವೂ ಬದಲಿಸಬೇಡಿ. ತೋರಿ ನಿಂತೇ ಇದ್ದರೆ ಚೂರಿ ತಾಗಲೇಬೇಕು. ನಾವು ಎರಡು ತಿಂಗಳು ಹಾಗೆಯೇ, ನೀರಿನೊಳಗೆ ನಡೆಯುವವರಂತೆ ಮಾಡಿದೆವು. ನಿಧಾನವೆಂದರೆ ಸುಲಭವಲ್ಲ, ವೇಗದಲ್ಲಿ ಮುಚ್ಚಿಹೋಗುವ ತಪ್ಪುಗಳೆಲ್ಲ ನಿಧಾನದಲ್ಲಿ ಎದ್ದು ಕಾಣುತ್ತವೆ. ನನ್ನ ಎಡಪಾದ ಮುಂದೆ ಹೋಗುವ ಮೊದಲು ಹಿಮ್ಮಡಿ ಒಮ್ಮೆ ಸುಮ್ಮನೆ ಮೇಲೆದ್ದು ಕೂರುತ್ತಿತ್ತು, ಆ ಅರ್ಧ ಹೆಜ್ಜೆಯ ತಡ ಅಲ್ಲಿಯೇ ಇತ್ತು. ಜೂಡೊದಲ್ಲಿ ಪೂರ್ತಿ ನಿಧಾನಕ್ಕೇ ಮೀಸಲಾದ ಜು ನೊ ಕಟಾ ಎಂಬ ಹದಿನೈದು ಪಟ್ಟುಗಳ ಕ್ರಮವೊಂದಿದೆ. ಅದರಲ್ಲಿ ಯಾರೂ ಬೀಳುವುದಿಲ್ಲ, ಅದಕ್ಕೆ ಜೂಡೊಗಿಯೂ ಬೇಕಿಲ್ಲ. ಕಾನೊ ಅವರ ಜುಜುತ್ಸು ಗುರುವಿನ ಮೊಮ್ಮಗಳಾದ ಫುಕುದಾ ಕೇಕೊ ಅವರು ಅದನ್ನು 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪ್ರದರ್ಶಿಸಿದ್ದರು. 2013ರಲ್ಲಿ ತೊಂಬತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಜೂಡೊವನ್ನು ಬಿಟ್ಟವರಲ್ಲ. ನಲವತ್ತೊಂದು ತಡವಾಯಿತೆಂದು ಯಾರಾದರೂ ಹೇಳಿದರೆ ನಾನು ಅವರ ಹೆಸರು ಹೇಳಿ ಮಾತು ಬದಲಿಸುತ್ತೇನೆ.

ಪಿಸ್ತೂಲಿನ ಮೂರು ಪಟ್ಟುಗಳ ಬಗ್ಗೆ ನನಗೆ ಹೆಚ್ಚು ಹೇಳಲಿಕ್ಕಿಲ್ಲ. ನಿಜವಾಗಿಯೂ ಯಾರಾದರೂ ಪಿಸ್ತೂಲು ತೋರಿಸಿದರೆ ನಾನು ಚೀಲವನ್ನೂ ಬಳೆಗಳನ್ನೂ ಕೊಟ್ಟುಬಿಡುವವಳು. ನಮ್ಮ ಪ್ಲಾಸ್ಟಿಕ್ ಪಿಸ್ತೂಲನ್ನು ಕುಂಬಳೆ ಬೆಡಿಯ, ಅಂದರೆ ಸಿಡಿಮದ್ದಿನ ಜಾತ್ರೆಯ, ಸಂತೆಯಲ್ಲಿ ಕೊಂಡದ್ದು ಎಂಬುದರಲ್ಲಿ ಒಂದು ಔಚಿತ್ಯವಿದೆ, ಅಷ್ಟೇ. ಆದರೆ ಇಲ್ಲಿಯೂ ಉಕೆಯದೇ ಒಂದು ಪಾಠ ಸಿಕ್ಕಿತು. ಮೊದಲನೆಯ ಪಟ್ಟಿನಲ್ಲಿ ಉಕೆ ಪಿಸ್ತೂಲನ್ನು ಹೊಟ್ಟೆಗೆ ಗುರಿಯಿಟ್ಟು 'ಕೈ ಮೇಲೆತ್ತು' ಎಂದು ಜಪಾನಿ ಭಾಷೆಯಲ್ಲಿ ಗದರಿಸಬೇಕು. ಜೊತೆಗಾತಿ ಆ ಜಪಾನಿ ಮಾತನ್ನು ಕಂಠಪಾಠ ಒಪ್ಪಿಸುವವಳಂತೆ ಹೇಳುತ್ತಿದ್ದಳು, ನಾನೂ ಹಾಜರಿ ಕೂಗಿದಾಗ ಮಕ್ಕಳು ಎತ್ತುವಂತೆ ಕೈ ಎತ್ತುತ್ತಿದ್ದೆ. ಮಾಸ್ಟರ್ ಬೇಸತ್ತು, ನಿಮಗೆ ಸಿಟ್ಟು ಬರುವ ಭಾಷೆಯಲ್ಲಿಯೇ ಹೇಳಿ ಎಂದರು. ಅವಳು ಮಲಯಾಳದಲ್ಲಿ "ಕೈ ಪೊಕ್ಕ್!" ಎಂದು ಅಬ್ಬರಿಸಿದಳು. ನನ್ನ ಕೈಗಳು ನನಗಿಂತ ಮೊದಲೇ ಮೇಲೆ ಹೋಗಿದ್ದವು. ಕಚೇರಿಗಳ ಆಜ್ಞೆಗಳೆಲ್ಲ ಆ ಭಾಷೆಯಲ್ಲಿಯೇ ಬರುವ ಊರಿನಲ್ಲಿ ಬೆಳೆದವಳಿಗೆ ಅದು ಅಭ್ಯಾಸದ ಬಲ ಎಂದು ನಾನು ಹೇಳಿದೆ, ಅವಳು ಪಿಸ್ತೂಲು ಹಿಡಿದುಕೊಂಡೇ ನಕ್ಕಳು. ನನ್ನ ಸರದಿ ಬಂದಾಗ ನಾನು ಕನ್ನಡದಲ್ಲಿ ಗದರಿಸಿದೆ. ಅವಳು ಕೈ ಎತ್ತುವ ಬದಲು "ಎಂದಾ ಟೀಚರೇ?" ಎಂದು, ಅಂದರೆ ಏನೆಂದು, ಕೇಳಿದಳು.

ಕಳೆದ ವರ್ಷ ಒಂದು ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆಯ ಶಿಬಿರವೆಂದು ಎರಡು ಗಂಟೆಗಳಲ್ಲಿ ಹತ್ತು ಹನ್ನೆರಡು ಪಟ್ಟುಗಳನ್ನು ಕಲಿಸಿದ್ದನ್ನು ನೋಡಿದೆ. ಕಲಿಸುವವರು ತಮ್ಮ ಕೈಯನ್ನು ಬಾಳೆದಂಡಿನಂತೆ ಸಡಿಲವಾಗಿ ಕೊಟ್ಟು, ಎಂಟನೆಯ ತರಗತಿಯ ಹುಡುಗಿ ಅದನ್ನು ತಿರುಚಿದೊಡನೆ "ಅಯ್ಯೋ" ಎಂದು ಕುಸಿದು ಚಪ್ಪಾಳೆ ಗಿಟ್ಟಿಸಿದರು. ಹುಡುಗಿಯರು ಸಂತೋಷದಿಂದ ಮನೆಗೆ ಹೋದರು. ನನಗೆ ಆ ಸಂತೋಷದ ಬಗ್ಗೆಯೇ ಭಯವಾಯಿತು. ಬರೇ ಓಡುವುದನ್ನೂ ಕಿರುಚುವುದನ್ನೂ ಕಲಿಸಿದ್ದರೆ ಅವರಿಗೆ ಅಷ್ಟು ಹಾನಿಯಾಗುತ್ತಿರಲಿಲ್ಲ. ಆ ಮಕ್ಕಳಲ್ಲಿ ಒಬ್ಬಳಿಗೂ ಗಟ್ಟಿಯಾದ ಒಂದು ಹಿಡಿತ ಹೇಗಿರುತ್ತದೆಂಬುದು ಅಂದು ತಿಳಿಯಲಿಲ್ಲ.

ಈಗ ಚೂರಿಯ ಮೊದಲ ಎರಡು ಪಟ್ಟುಗಳಲ್ಲಿ ನಮ್ಮ ದೂರ ಸರಿಯಾಗಿದೆ. ಮೂರನೆಯದರಲ್ಲಿ ಚೂರಿಯನ್ನು ಓರೆಯಾಗಿ ಕುತ್ತಿಗೆಯ ಪಕ್ಕಕ್ಕೆ ಬೀಸಬೇಕು. ಹೊಟ್ಟೆಗೆ ತಿವಿಯಲು ಒಪ್ಪಿದ ನನ್ನ ಕೈ ಕುತ್ತಿಗೆಯ ವಿಷಯದಲ್ಲಿ ಇನ್ನೂ ಒಪ್ಪಿಲ್ಲ. ತುದಿ ಅವಳ ಕಾಲರಿನಿಂದ ನಾಲ್ಕು ಬೆರಳು ಆಚೆಯೇ ಹಾದುಹೋಗುತ್ತದೆ. ಅವಳು ಪಟ್ಟು ಮಾಡದೆ, ನಿಂತಲ್ಲಿಯೇ ನಿಂತು, ಕಣ್ಣು ಮಿಟುಕಿಸದೆ ನನ್ನನ್ನು ನೋಡುತ್ತಾಳೆ.

"ತಾಗಲಿಲ್ಲ ಟೀಚರ್," ಎನ್ನುತ್ತಾಳೆ. ನಾನು ನಾಲ್ಕು ಹೆಜ್ಜೆ ಹಿಂದೆ ಹೋಗಿ ಮತ್ತೆ ಬರುತ್ತೇನೆ.